ಊಟದ ಸೀಟಿ

ರಾಚವ್ವ ಸಸಿ ನೆಡುವ ಗುಂಡಿಯ ಮಣ್ಣಿನಿಂದ ಕಲ್ಲುಚೂರು ಆರಿಸಿ ಹೊರಗೆ ಹಾಕುತ್ತಿದ್ದಳು. ಅಂಧೇರಿಯ ಈ ಕಲ್ಲುಗಣಿ ಮುಚ್ಚಿ ವರ್ಷವಾಗಿತ್ತು. ಹಳ್ಳಕ್ಕೆ ಮಣ್ಣು ತುಂಬಿ, ಗುಡ್ಡದಲ್ಲಿ ಮೊದಲಿದ್ದ ಮುತ್ತುಗ, ಹೊಂಗೆಗಳನ್ನೇ ಮತ್ತೆ ನೆಡಿಸುತ್ತಿದ್ದರು. ದುಡಿಯಲು ಊರು ಬಿಟ್ಟು ಬಂದು ಅಂದು ಕಲ್ಲು ಹೊತ್ತ ಹೆಂಗಸರೇ ಈಗ ಸಸಿ ಹೊರುತ್ತಿದ್ದರು.

ಆಗ ಸೀಟಿ ಕೇಳಿಸಿತು. ಗಣಿಯಲ್ಲಿ ಸೀಟಿಯೆಂದರೆ ಬಂಡೆಗೆ ಮದ್ದು ಸಿಡಿಸುತ್ತಾರೆ ಎಂದರ್ಥ. ಹೆಂಗಸರೆಲ್ಲ ಸಸಿ ಬಿಸಾಡಿ ಓಡಿ, ಉಳಿದಿದ್ದ ದೊಡ್ಡ ಬಂಡೆಯ ಹಿಂದೆ ಕೈಗಳಿಂದ ತಲೆ ಮುಚ್ಚಿಕೊಂಡು ಕುಳಿತರು.

“ಎಂತ ಮಾರಾಯ್ರೆ, ಊಟಕ್ಕೆ ಊದಿದ್ದು!” ಉಡುಪಿ ಕಡೆಯ ಹೊಸ ಮೇಸ್ತ್ರಿ ಶೇಖರ ಹೊಟ್ಟೆ ಹಿಡಿದು ನಕ್ಕ. “ಮುತ್ತುಗದ ಗಿಡ ಸಿಡಿಯುತ್ತದಾ?”

“ಗಣಿ ಮುಚ್ಚೇತಂತ ಈ ಕಾಲಿಗೆ ಯಾರೂ ಹೇಳಿಲ್ಲ ನೋಡ್ರಿ,” ಎಂದು ಅಂಬವ್ವ ನಗುತ್ತ ಏಳಹೋದಳು. ಪಕ್ಕದಲ್ಲಿ ರಾಚವ್ವ ಅವಳಿಗೆ ಒತ್ತಿಕೊಂಡೇ ಕುಳಿತಿದ್ದಳು. “ಒಂಚೂರು ಸರಿಯವ್ವಾ, ಆ ಕಡೆ ಅಷ್ಟು ಜಾಗ ಐತಲ್ಲ!”

ಆ ಕಡೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಮದ್ದಿನ ಬತ್ತಿಗೆ ಬೆಂಕಿ ಹಚ್ಚಿ, ಎಲ್ಲರಿಗಿಂತ ಕೊನೆಗೆ ಓಡಿಬರುತ್ತಿದ್ದ ಗಂಡ ಶಂಕ್ರೆಪ್ಪನಿಗೆ ರಾಚವ್ವ ಯಾವಾಗಲೂ ಹಾಗೆ ಸರಿದು ಜಾಗ ಬಿಡುತ್ತಿದ್ದಳು. ಗಣಿಯ ಕೊನೆಯ ಮದ್ದಿನ ದಿನ ಅವನು ಬಂಡೆಯವರೆಗೆ ಬಂದು ಮುಟ್ಟಿರಲಿಲ್ಲ.

ಅಂಬವ್ವನ ನಗು ನಿಂತಿತು. ರಾಚವ್ವ ಆ ಜಾಗವನ್ನೊಮ್ಮೆ ನೋಡಿದಳು. ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು.

“ಅಣ್ಣಾರ, ಊಟಕ್ಕ ನಮ್ಮನ್ನ ಹೆಸರು ಹಿಡದು ಕರೀರಿ,” ಎಂದಳು. “ಸೀಟಿ ಊದಬ್ಯಾಡ್ರಿ.”