ಪದವಿಲ್ಲದ ರಾಗ

ಮಗಳು ಓದುವಾಗ ಕೊಳಲಿನ ರಾಗ ಹಚ್ಚಿಕೊಂಡು ಕೂರುತ್ತಾಳೆ. ಮಾತಿಲ್ಲದ ಆ ರಾಗ ಕೇಳಿದಾಗಲೆಲ್ಲ ನನಗೆ ಬನಹಟ್ಟಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಶಾಂತತ್ತೆ ನನ್ನ ಅಪ್ಪನ ತಂಗಿ. ಮದುವೆಗೆ ಮುಂಚೆ ನಮ್ಮ ಮನೆಯಲ್ಲಿ ಕಂಡಿಕೆಯ ಪುಟ್ಟ ಕೊಳವೆಗೆ ನೂಲು ಸುತ್ತುತ್ತ, ಮಗ್ಗಗಳ ಸದ್ದನ್ನೂ ಮೀರಿ ಹಾಡುತ್ತಿದ್ದಳು. ಮುಧೋಳಕ್ಕೆ ಕೊಟ್ಟ ಮೇಲೆ ಪಂಚಮಿಗೆಂದು ಮೊದಲ ಸಲ ತವರಿಗೆ ಬಂದಿದ್ದಳು. ಆ ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಗಂಜಿ ಹಾಕಿದ ನೂಲಿನ ಹುಳಿವಾಸನೆ ಮನೆ ತುಂಬಿತ್ತು.

"ಶಾಂತಾ, ಒಂದ ಪದಾ ಹಾಡವಾ," ಎಂದಳು ಅಜ್ಜಿ.

ಅತ್ತೆ ನನ್ನ ತಲೆ ಬಾಚುತ್ತ, ತುಟಿ ಬಿಚ್ಚದೆ ರಾಗವನ್ನಷ್ಟೇ ಗುನುಗಿದಳು.

"ಬರೇ ರಾಗ ಬ್ಯಾಡ ಅತ್ತಿ, ಪದಾನ ಹಾಡು," ಎಂದೆ.

"ಅಲ್ಲಿ ದನಿ ತಗದ್ರ ನಮ್ಮ ಮಾವಾರಿಗೆ ಸೇರಂಗಿಲ್ಲವಾ. ಹಿಂಗ ರೂಢಿ ಆಗೇತಿ."

ಅಜ್ಜಿ ಅಲ್ಲೇ ಕೂತಿದ್ದ ಅಪ್ಪನ ಮುಖ ನೋಡಿದಳು.

"ದೊಡ್ಡ ಮನಿ ಐತಿ ಯವ್ವಾ, ಹೊಂದಕೊಂಡ ಹೋಗಬೇಕು," ಎಂದು ಅಪ್ಪ ಎದ್ದು ನಿಂತ.

"ಪದಾ ಹಾಡಿದ್ರ ಮನಿ ಸಣ್ಣದ ಆಕ್ಕೈತೇನೋ?" ಎಂದಳು ಅಜ್ಜಿ.

ಅಪ್ಪ ಮಗ್ಗದ ಕೋಣೆಗೆ ಹೋದ.

ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳೆಲ್ಲ ಒಮ್ಮೆಲೇ ಬಡಿಯತೊಡಗಿ ನೆಲ ಅದುರಿತು. ನನ್ನ ತಲೆಯ ಮೇಲೆ ಆಡುತ್ತಿದ್ದ ಬಾಚಣಿಗೆ ನಿಂತುಹೋಯಿತು. ತಿರುಗಿ ನೋಡಿದರೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು, ತುಟಿಗಳು ಅಲುಗುತ್ತಿದ್ದವು. ಆ ಸದ್ದಿನ ಮರೆಯಲ್ಲಿ ಅವಳು ಪೂರ್ತಿ ಪದವನ್ನೇ ಹಾಡುತ್ತಿದ್ದಳು. ನಾನು ಮೊಣಕಾಲೂರಿ ಅವಳ ಬಾಯಿಗೆ ಕಿವಿ ಹಚ್ಚಿದೆ. ಅವಳ ಬಿಸಿ ಉಸಿರು ಕೆನ್ನೆಗೆ ತಾಗುತ್ತಿತ್ತು. ಒಂದು ಮಾತೂ ಕೇಳಿಸಲಿಲ್ಲ.