ಅತ್ತೆ ಕೂತರೆ ಹೊರಡುವ ಗಾಡಿ

"ಅತ್ತೆ ಹತ್ತಿ ಕೂತ್ರೆ ಸ್ಟಾರ್ಟ್ ಆಗುತ್ತೆ ಅಣ್ಣ. ಇಳಿದ್ರೆ ಜಪ್ಪಯ್ಯ ಅಂದ್ರೂ ಆಗಲ್ಲ."

ಸೊಸೆ ಹೇಳಿದ್ದು ಕೇಳಿ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಮೀಸೆಯೊಳಗೇ ನಕ್ಕ. ಆಳು ಸಣಕಲು, ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಎದುರಿಗಿದ್ದದ್ದು ಇಪ್ಪತ್ತೆರಡು ವರ್ಷದ ಹಳೇ ಪಿಕಪ್. ಹಿಂದುಗಡೆ ಲಾಡ್ಜು, ನರ್ಸಿಂಗ್ ಹೋಮುಗಳಿಂದ ಒಗೆಯಲು ತಂದ ಬೆಡ್‌ಶೀಟಿನ ಗಂಟುಗಳು. ಮುಂದಿನ ಸೀಟಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ.

"ಇಳೀರಿ ಅಮ್ಮ," ಅಂದ ಕಡ್ಡಿ. ಇಳಿದರು. ಕೀ ತಿರುಗಿಸಿದ. ದೀಪ ಹತ್ತಿತು, ಹಾರ್ನ್ ಕೂಗಿತು, ಎಂಜಿನ್ ಮಾತ್ರ ಮಿಸುಕಲಿಲ್ಲ. "ಹತ್ತಿ ಅಮ್ಮ." ಹತ್ತಿದರು. ಒಂದೇ ಏಟಿಗೆ ಗುರ್ ಅಂತು. ಮೂರು ಸಲವೂ ಹೀಗೇ. ಕೊನೆಗೆ ತಾನೇ ಆ ಸೀಟಿನಲ್ಲಿ ಕೂತು ಸೊಸೆಗೆ ಕೀ ತಿರುಗಿಸಲು ಹೇಳಿದ. ಊಹೂಂ.

"ಕೂತ್ಕೊಳ್ಳೋಕೂ ಮೈಯಲ್ಲಿ ಒಂಚೂರು ತೂಕ ಬೇಕಪ್ಪ," ಅಂದರು ಅತ್ತೆ, ಏನೋ ಗೆದ್ದವರ ಹಾಗೆ.

ಮೂರು ವಾರದಿಂದ ಇದೇ ಪಾಡು. ಗಾಡಿ ಮನೆ ಮುಂದೆಯೇ ಹಟ ಹಿಡಿದು ನಿಂತ ದಿನ, ಏನಾಯ್ತೆಂದು ನೋಡಲು ಬಂದ ಅತ್ತೆ ಸುಮ್ಮನೆ ಹತ್ತಿ ಕೂತದ್ದೇ ಎಂಜಿನ್ ಎದ್ದಿತ್ತು. ದಿನಕ್ಕೆ ಹದಿನಾಲ್ಕು ಕಡೆ ಗಾಡಿ ನಿಲ್ಲಿಸಬೇಕು, ಹದಿನಾಲ್ಕು ಸಲ ಮತ್ತೆ ಹೊರಡಿಸಬೇಕು. ಸೊಸೆ ಆ ಸೀಟಿನ ಮೇಲೆ ಬಟ್ಟೆ ಗಂಟು ಹೇರಿ ನೋಡಿದಳು, ಆಗಲಿಲ್ಲ. ಬೇರೆ ದಾರಿ ಕಾಣದೆ ಅತ್ತೆಯನ್ನೇ ಕರೆದುಕೊಂಡು ಹೊರಟಳು. ಮಾವ ತೀರಿಕೊಂಡ ಮೇಲೆ ಎರಡು ವರ್ಷ ಹೊಸಿಲು ದಾಟದ ಹೆಂಗಸು ಅವರು. ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು. ನಾಲ್ಕನೆಯ ದಿನ ನರ್ಸಿಂಗ್ ಹೋಮಿನ ವಾಚ್‌ಮನ್‌ನ ಮಂಡಿನೋವು ವಿಚಾರಿಸಿದರು. ಎರಡನೇ ವಾರಕ್ಕೆ, ಲಾಡ್ಜಿನ ಹುಡುಗಿ ಎಂಟು ದಿಂಬಿನ ಕವರು ಹಾಕಿ ಹತ್ತು ಅಂದಾಗ ಕೂತಲ್ಲಿಂದಲೇ, "ಏ ತಾಯಿ, ಇನ್ನೊಂದ್ಸಲ ಎಣಿಸು," ಅಂದರು. ದಾರಿಯುದ್ದಕ್ಕೂ ಮಾತು. ಮಾವ ಬಾಡಿಗೆ ಸೈಕಲ್ಲಿನಲ್ಲಿ ಹೆಣ್ಣು ನೋಡಲು ಬಂದು ಚರಂಡಿಗೆ ಬಿದ್ದ ಕಥೆಗೆ ಸೊಸೆ ನಕ್ಕೂ ನಕ್ಕೂ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದವರು. ಉಪ್ಪು ಸಾಕಾ, ಗ್ಯಾಸ್ ಆರಿಸಿದ್ಯಾ, ಇಷ್ಟು ಬಿಟ್ಟರೆ ಅವರ ನಡುವೆ ಮಾತೇ ಇರಲಿಲ್ಲ.

ಕಡ್ಡಿ ಸೀಟು ಬಿಚ್ಚಿ ಪಕ್ಕಕ್ಕಿಟ್ಟು, ಟೆಸ್ಟ್ ಲ್ಯಾಂಪ್ ಹಿಡಿದು ಕೀಯ ಹತ್ತಿರದಿಂದ ತಂತಿಯ ಜಾಡು ಹಿಡಿದು ಬಂದ. ಸೀಟಿನ ಜಾಗದವರೆಗೆ ದೀಪ ಉರಿಯಿತು, ಅಲ್ಲಿಂದಾಚೆ ಇಲ್ಲ. ಯಾವ ಕಾಲದಲ್ಲೋ ಯಾರೋ ಹೊಸೆದು ಟೇಪು ಸುತ್ತಿ ಕೈತೊಳೆದುಕೊಂಡಿದ್ದ ಜಾಯಿಂಟು ಹಸಿರುಗಟ್ಟಿ ಬಿಟ್ಟುಕೊಂಡಿತ್ತು. ಅತ್ತೆ ಕೂತಾಗ ಸೀಟು ತಗ್ಗಿ ಆ ಎರಡು ತುದಿಗಳನ್ನು ಒತ್ತಿ ಹಿಡಿಯುತ್ತಿತ್ತು. ಅಷ್ಟೇ.

"ಅರ್ಧ ಗಂಟೆ ಕೆಲಸ," ಅಂದ.

ಸೊಸೆ ಅತ್ತೆಯ ಕಡೆ ನೋಡಿದಳು. ಅವರು ಗ್ಯಾರೇಜಿನ ಬಾಗಿಲಲ್ಲಿ ಪಕ್ಕದಂಗಡಿಯವಳ ಜೊತೆ ಹರಟುತ್ತಿದ್ದರು. ಸೊಸೆ ದನಿ ತಗ್ಗಿಸಿದಳು.

"ಅಣ್ಣ, ಸ್ವಲ್ಪ ದಿನ ಇದು ಹೀಗೇ ಇರ್ಲಿ ಅಂದ್ರೆ?"

ಕಡ್ಡಿ ಅವಳ ಮುಖ ನೋಡಿದ, ಬಾಗಿಲ ಕಡೆ ನೋಡಿದ. ಅರ್ಥವಾಯಿತೋ ಏನೋ, ಬಯ್ಯಲಿಲ್ಲ. ಸೀಟನ್ನು ಮಗುಚಿ ಅಡಿಭಾಗ ತೋರಿಸಿದ. ಒಂದು ಅಂಗೈಯಷ್ಟು ಅಗಲ ಸ್ಪಂಜು ಸುಟ್ಟು ಕಪ್ಪಾಗಿತ್ತು.

"ಪ್ರತಿ ಸಲ ಇಲ್ಲಿ ಕಿಡಿ ಹಾರಿದೆ ತಂಗಿ. ಕೆಳಗೆ ಬೆಂಕಿ ಇಟ್ಟು ಮೇಲೆ ಅವರನ್ನ ಕೂರಿಸ್ತೀಯಾ?"

ಸೊಸೆ ಸೀಟಿನ ಕಡೆ ಬಗ್ಗಿದಳು. ಆ ಕಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಬೇಡಪ್ಪ ಬೇಡ. ಈಗಲೇ ಸರಿ ಮಾಡಿ. ಗಟ್ಟಿಯಾಗಿ ಮಾಡಿ."

ಕಡ್ಡಿ ಹಳೇ ತಂತಿ ಕತ್ತರಿಸಿ ಹೊಸದು ಎಳೆದ, ಬೆಸುಗೆ ಹಾಕಿದ, ಸೀಟಿಗೆ ತಾಗದ ಹಾಗೆ ಪಕ್ಕಕ್ಕೆ ಬಿಗಿದ. ಕೀ ತಿರುಗಿಸಿದಾಗ ಅತ್ತೆ ಹತ್ತು ಮಾರು ಆಚೆಗಿದ್ದರು. ಎಂಜಿನ್ ಸದ್ದಿಗೆ ಅವರ ಹರಟೆ ಅರ್ಧಕ್ಕೇ ನಿಂತಿತು.

"ಸದ್ಯ, ನಂಗೂ ಬಿಡುಗಡೆ," ಅಂದರು. ಮನೆ ಮುಟ್ಟುವವರೆಗೆ ಕಿಟಕಿಯಾಚೆಯೇ ನೋಡುತ್ತಿದ್ದರು. ಸೊಸೆ ಎರಡು ಸಲ ಬಾಯಿ ತೆರೆದು ಎರಡು ಸಲವೂ ಗೇರು ಬದಲಾಯಿಸಿದಳು.

ಮರುದಿನ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಸೊಸೆ ಗಾಡಿ ಹತ್ತಿದಳು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. ಸುಳ್ಳು ಹೇಳುವುದು ಸುಲಭವಿತ್ತು. ಕೀಯನ್ನು ಅರ್ಧಕ್ಕೇ ನಿಲ್ಲಿಸಿ, ಮತ್ತೆ ಕೆಟ್ಟಿತು ನೋಡಿ ಅಂದಿದ್ದರೆ ಸಾಕಿತ್ತು. ಅವಳು ಪೂರ್ತಿ ತಿರುಗಿಸಿದಳು. ಎಂಜಿನ್ ಸಲೀಸಾಗಿ ಎದ್ದಿತು. ಆಮೇಲೆ ವಾಲಿಕೊಂಡು ಆಚೆ ಬದಿಯ ಬಾಗಿಲು ತೆರೆದಳು.

"ಬನ್ನಿ ಅತ್ತೆ."

"ಸರಿಹೋಯ್ತಲ್ಲೇ ಗಾಡಿ. ಇನ್ನು ನಾನ್ಯಾಕೆ?"

"ಗಾಡಿಗಲ್ಲ. ನಂಗೆ ಒಬ್ಳಿಗೇ ಬೇಜಾರಾಗುತ್ತೆ."

ಯಾವತ್ತೂ ಇಂಥ ಮಾತು ಆಡಿದವರಲ್ಲ, ಕೇಳಿದವರೂ ಅಲ್ಲ ಇಬ್ಬರೂ.

"ಒಲೆ ಮೇಲೆ ಹಾಲಿತ್ತು," ಅಂದರು ಅತ್ತೆ.

"ಆರಿಸಿ ಬನ್ನಿ. ಕಾಯ್ತೀನಿ."

"ಆರಿಸಾಯ್ತು ಬಿಡು," ಅನ್ನುತ್ತಾ ಅತ್ತೆ ಮೆಟ್ಟಿಲಿಳಿದು ಬಂದರು. ಅವರು ಬೆನ್ನು ಕೊಟ್ಟು ಮರೆಮಾಡಿದ್ದ ಬಾಗಿಲು ಆಗ ಸೊಸೆಗೆ ಕಂಡಿತು. ಅದಕ್ಕೆ ಬೀಗ ಬಿದ್ದಾಗಿತ್ತು.