ಅನುಮಾನದ ಮತಪತ್ರ

ಇಬ್ಬರಿಗೂ ಇನ್ನೂರ ಎಂಬತ್ತೇಳು ಮತ. ಎರಡನೆಯ ಸಲ ಎಣಿಸಿದರೂ ಅಷ್ಟೇ ಬಂತು. ಇನ್ನು ಉಳಿದಿದ್ದು ಅನುಮಾನದ ಮತಪತ್ರಗಳು, ಒಟ್ಟು ಮೂರು. ಅವನ್ನು ನೋಡಲು ಅಭ್ಯರ್ಥಿಗಳಿಬ್ಬರೂ ಬರಬೇಕೆಂದು ಚುನಾವಣಾಧಿಕಾರಿ ಕರೆದಾಗ ಲಿನೆಟ್ ಟ್ಯಾಪ್‌ಸ್ಕಾಟ್ ಕೈಯಲ್ಲಿದ್ದ ಅರ್ಧ ಬಿಸ್ಕತ್ತನ್ನು ಕೋಟಿನ ಜೇಬಿಗೆ ತುರುಕಿಕೊಂಡು ಎದ್ದಳು.

ಹ್ಯಾಸಲ್‌ಬ್ರಿಜ್ ಊರಿನ ಕೌನ್ಸಿಲ್‌ಗೆ ಹದಿಮೂರು ಸ್ಥಾನ. ಆರು ದೊಡ್ಡ ಪಕ್ಷಕ್ಕೆ, ಆರು ಲಿನೆಟ್‌ಳ ಚೌಕದ ಪಕ್ಷಕ್ಕೆ ಆಗಲೇ ಬಂದಿದ್ದವು. ಉಳಿದದ್ದು ಇದೊಂದೇ. ಎರಡು ವರ್ಷದ ಹಿಂದೆ ಮಾರುಕಟ್ಟೆ ಚೌಕದ ಶೌಚಾಲಯಕ್ಕೆ ಕೌನ್ಸಿಲ್ ಬೀಗ ಹಾಕಿಸಿದಾಗ, ಕೊಟ್ಟ ಅರ್ಜಿಗಳಿಗೆಲ್ಲ ಉತ್ತರವೇ ಬರದೆ ಹೋದಾಗ, ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಐದು ಜನ ಕೂತು ಕಟ್ಟಿದ ಪಕ್ಷ ಅದು. ಊರಿನವರು ಕಕ್ಕಸು ಪಕ್ಷ ಎಂದೇ ಕರೆದರು. ಬೀಗದ ಠರಾವು ತಂದವರು ಈಗ ಲಿನೆಟ್‌ಳ ಎದುರಾಳಿಯಾಗಿದ್ದ ದೊಡ್ಡ ಪಕ್ಷದ ಡೆಸ್ಮಂಡ್ ಹಾರ್ಕರ್. ಮೂವತ್ತೊಂದು ವರ್ಷದಿಂದ ಇದೇ ವಾರ್ಡಿನ ಕೌನ್ಸಿಲರು. ಪ್ರಚಾರದ ಹೊತ್ತಿಗೆ ಸಂತೆಯ ನಡುವೆ ನಿಂತು ಅವರು ಲಿನೆಟ್‌ಳನ್ನು ಕೇಳಿದ್ದರು: "ಗೆದ್ರೆ ವಿಜಯದ ಮೆರವಣಿಗೆ ಎಲ್ಲಿಗೆ ಹೋಗುತ್ತಮ್ಮ?" ಮೀನಂಗಡಿಯವರೂ ನಕ್ಕಿದ್ದರು.

ಆದರೆ ಈ ಬೆಳಗ್ಗೆ ಲಿನೆಟ್‌ಗೆ ಆ ನಗು ನೆನಪಿರಲಿಲ್ಲ. ಹತ್ತು ಗಂಟೆಯಿಂದ ಅವಳು ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದ ಕಾಗದಗಳನ್ನೇ ನೋಡುತ್ತಿದ್ದಳು. ಒಬ್ಬರ ಗುರುತಿನಂತೆ ಇನ್ನೊಬ್ಬರದಿಲ್ಲ. ಒಬ್ಬರು ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಇಂಟು ಹಾಕಿದ್ದರು, ಇನ್ನೊಬ್ಬರು ಕಾಗದ ಹರಿಯುವಷ್ಟು ಒತ್ತಿದ್ದರು. ಮತ್ತೊಬ್ಬರದು ನಾಚಿಕೊಂಡಂತೆ ಚೌಕದ ಮೂಲೆಯಲ್ಲಿ ಸಾಸಿವೆಯಷ್ಟು. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಕಸ್ಟರ್ಡ್ ಕಲಕಿದ ತನ್ನ ಹೆಸರಿನ ಮುಂದೆ ಇಷ್ಟು ಜನ ಬಗ್ಗಿ ನಿಂತು ಬರೆದಿದ್ದಾರಲ್ಲ ಎಂದು ಅವಳಿಗೆ ಎದೆ ತುಂಬಿ ಬಂದಿತ್ತು.

ಮೊದಲನೆಯ ಕಾಗದ ಖಾಲಿ. ಎರಡನೆಯದರಲ್ಲಿ ಯಾರೂ ಬೇಡವೆಂದು ಉದ್ದಕ್ಕೆ ಗೀಚಿತ್ತು. ಎರಡನ್ನೂ ಬದಿಗಿಟ್ಟರು. ಮೂರನೆಯದರಲ್ಲಿ ಹಾರ್ಕರ್ ಹೆಸರಿನ ಮುಂದೆ ಒಂದು ಇಂಟು ಇತ್ತು. ಅದರ ಮೇಲೆ ಅಡ್ಡಾದಿಡ್ಡಿ ಗೆರೆ ಎಳೆದಿತ್ತು. ಲಿನೆಟ್‌ಳ ಹೆಸರಿನ ಮುಂದೆ ಇನ್ನೊಂದು ಇಂಟು, ಅದರ ಒಂದು ಕಾಲು ಚೌಕ ದಾಟಿ ಅಲೆಯಲೆಯಾಗಿ ಕೆಳಗಿಳಿದು ಕಾಗದದ ಅಂಚಿನ ತನಕ ಹೋಗಿತ್ತು.

"ಎರಡು ಕಡೆ ಗುರುತಿದೆ. ತೆಗೆದು ಹಾಕ್ಬೇಕು ಅನ್ಸುತ್ತೆ," ಎಂದಳು ಚುನಾವಣಾಧಿಕಾರಿ. "ಹಾಗಾದ್ರೆ ಸಮ. ಚೀಟಿ ಎತ್ತೋದೇ. ನೀವೇನಂತೀರಿ?"

ಹಾರ್ಕರ್ ಕನ್ನಡಕ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಕಾಲರಿನ ಮೇಲೆ ಕುತ್ತಿಗೆ ನಿಧಾನವಾಗಿ ಕೆಂಪಾಗುತ್ತಿದ್ದುದನ್ನು ಲಿನೆಟ್ ಕಂಡಳು.

"ಇದು ಹಾಳಾದ ಮತ ಅಲ್ಲ," ಎಂದರು ಕಡೆಗೆ. "ಮೊದ್ಲು ನಂಗೆ ಹಾಕಿದ್ದಾರೆ. ಆಮೇಲೆ ಯೋಚ್ನೆ ಮಾಡಿ ಹೊಡೆದು ಹಾಕಿದ್ದಾರೆ. ಕೈ ನಡುಗಿದೆ, ಅಷ್ಟೇ. ಇದು ಇವರದ್ದು."

ಅವರ ಪಕ್ಷದ ಏಜೆಂಟ್ ತೋಳು ಜಗ್ಗಿದ. ಹಾರ್ಕರ್ ಕೊಡವಿಕೊಂಡರು. ಅಧಿಕಾರಿ ಒಮ್ಮೆ ಅವರ ಮುಖವನ್ನೂ ಒಮ್ಮೆ ಕಾಗದವನ್ನೂ ನೋಡಿ, ಅದನ್ನು ಲಿನೆಟ್‌ಳ ರಾಶಿಯ ಮೇಲಿಟ್ಟಳು.

ಸಭಾಂಗಣದಲ್ಲಿ ಚಪ್ಪಾಳೆ ಬೀಳುತ್ತಿದ್ದಾಗ ಲಿನೆಟ್ ಹೊರಗೆ ಓಡಿದಳು. ಹಾರ್ಕರ್ ಕಾರಿನ ಬಳಿ ನಿಂತಿದ್ದರು. ಬಾಗಿಲು ತೆರೆದಿದ್ದರೂ ಹತ್ತಿರಲಿಲ್ಲ. ಚೀಟಿ ಎತ್ತಿದ್ದರೆ ಅರ್ಧ ಅವಕಾಶ ನಿಮಗೂ ಇತ್ತಲ್ಲ, ಯಾಕೆ ಹಾಗೆ ಹೇಳಿದಿರಿ ಎಂದು ಏದುಸಿರಿನಲ್ಲೇ ಕೇಳಿದಳು. ಹಾರ್ಕರ್ ಕಾರಿನ ಬಾಗಿಲ ಮೇಲೆ ಕೈಯಿಟ್ಟು ತಾವೇ ಕೇಳಿದರು.

"ಬೀಗ ಯಾವತ್ತು ತೆಗೆಸ್ತೀರಿ?"

"ಮೊದಲ ಸಭೇಲೇ ಠರಾವು. ಅದಾಗಿ ಒಂದು ವಾರ."

"ದಿನ ಗೊತ್ತಾದ್ರೆ ನಂಗೊಂದು ಫೋನ್ ಮಾಡಿ. ನನ್ನ ಹೆಂಡತಿ ಬೆರಿಲ್ ಸಂತೆಗೆ ಬಂದು ಎರಡು ವರ್ಷ ಆಯ್ತು. ಕೈ ನಡುಗುತ್ತಲ್ಲ, ನಾಲ್ಕು ಜನ ನೋಡ್ತಾರೆ ಅಂತ ಮನೇಲೇ ಇರ್ತಾಳೆ ಅಂದ್ಕೊಂಡಿದ್ದೆ. ಕಕ್ಕಸಿಗೆ ಬೀಗ ಬಿದ್ದಿದ್ದಕ್ಕೆ ಅಂತ ಅವಳೂ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ."

ಲಿನೆಟ್ ನಿಂತಲ್ಲೇ ನಿಂತಳು. ಕಾಗದದ ಅಂಚಿನ ತನಕ ಇಳಿದಿದ್ದ ಆ ಗೆರೆ ಯಾರದೆಂದು ಅವಳಿಗೀಗ ತಿಳಿದಿತ್ತು. ಅದನ್ನು ನೋಡಿದ ಕ್ಷಣವೇ ಇವರಿಗೆ ತಿಳಿದಿತ್ತು ಎಂಬುದೂ ತಿಳಿಯಿತು. ಎದುರಿಗಿದ್ದ ಮುದುಕನನ್ನು ಅವಳು ಮೊದಲ ಸಲ ಕಾಣುವವಳಂತೆ ನೋಡಿದಳು.

ಹಾರ್ಕರ್ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಂಡರು.

"ಅಂಚೆ ಮತ ಅವಳದು," ಎಂದರು. "ಲಕೋಟೆ ಅಂಟಿಸಿ ಕೈಗೆ ಕೊಟ್ಟಳು. ಅಂಚೆ ಡಬ್ಬಕ್ಕೆ ಹಾಕಿ ಬಂದವನು ನಾನೇ."